ಅವ್ವ, ಆಡೋಣ ಬಾ

ಮಳೆಗಾಲದ ಒಂದು ಸಂಜೆ. ಸಿದ್ದಾಪುರದ ಕಡೆಯ ಒಂದು ಕಾಫಿ ತೋಟ. ಅಲ್ಲಿ ಸಾಲಾಗಿ ಲೈನ್ ಮನೆಗಳು. ಒಂದು ಮನೆಯ ಜಗುಲಿಯೇ ನಮ್ಮ ಓದಿನ ಕೇಂದ್ರ. ಅವತ್ತು ಏಳು ಮಂದಿ ಅಕ್ಕಂದಿರು ಬಂದಿದ್ದರು. ಕೊಡೆ ಮೂಲೆಗೆ ಇಟ್ಟು, ಕೈ ಒರೆಸಿಕೊಂಡು, ಸ್ಲೇಟು ಹಿಡಿದು ಕುಳಿತಿದ್ದರು. ಮಾಡಿನ ಮೇಲೆ ಮಳೆಯ ಸದ್ದು ಜೋರಾಗಿತ್ತು. ನಾನು ಕೂಗಿ ಕೂಗಿ ಪಾಠ ಹೇಳುತ್ತಿದ್ದೆ.

ಒಬ್ಬ ಅಕ್ಕನ ಸೆರಗನ್ನು ಅವರ ಮಗಳು ಎಳೆಯುತ್ತಿದ್ದಳು. ಮೂರು ವರ್ಷದ ಮಗು. "ಅವ್ವ... ಅವ್ವ..." ಎನ್ನುತ್ತಿದ್ದಳು. ಅಷ್ಟೇ. ಬೇರೆ ಮಾತಿಲ್ಲ.

"ಸುಮ್ಕಿರು. ಅವ್ವ ಓದ್ಬೇಕು" ಎಂದರು ಅಕ್ಕ. ಮಗುವಿನ ಕೈಗೆ ಮೊಬೈಲ್ ಕೊಟ್ಟರು. ಮಗು ಸುಮ್ಮನಾಯಿತು. ನಮ್ಮ ಪಾಠ ಮುಂದೆ ಹೋಯಿತು. ನಾನೂ ಏನೂ ಹೇಳಲಿಲ್ಲ. ಮಗು ಗಲಾಟೆ ಮಾಡದಿದ್ದರೆ ಟೀಚರಿಗೂ ಸುಲಭ ತಾನೆ?

ಪಾಠ ಮುಗಿಯಿತು. ಎಲ್ಲರೂ ಹೊರಟರು. ಆ ಅಕ್ಕ ಮಾತ್ರ ನಿಂತರು.

"ಟೀಚರ್, ಇವ್ಳು ಮಾತೇ ಆಡಲ್ಲ. ಅಂಗನವಾಡೀಲೂ ಮೂಲೇಲಿ ಕೂರ್ತಾಳಂತೆ. ಬೇರೆ ಮಕ್ಕಳು ಹಾಡು ಹೇಳ್ತಾವೆ, ಕುಣೀತಾವೆ. ಇವ್ಳು ಮಾತ್ರ ಹಿಂಗೆ. ನಾನೇನು ಹೇಳಿಕೊಡ್ಲಿ? ನಾನೇ ಈಗ ಅ, ಆ ಕಲಿಯೋಳು."

ಹೇಳುತ್ತಾ ಹೇಳುತ್ತಾ ಅವರ ಕಣ್ಣಲ್ಲಿ ನೀರು ಬಂತು.

ಅಕ್ಕಂದಿರೇ, ಈ ಮಾತು ನಿಮ್ಮ ಬಾಯಲ್ಲೂ ಬಂದಿರಬಹುದು. "ನನಗೇನು ಗೊತ್ತು?" ಎಂದು ನೀವೂ ಅಂದಿರಬಹುದು. ಈ ಪಾಠ ಅದಕ್ಕಾಗಿ.

ಮೊದಲು ಕಿವಿ ನೋಡಿಸಿದೆವು

ಮಗು ಮಾತಾಡದಿದ್ದರೆ ಮೊದಲು ಕಿವಿ ನೋಡಿಸಬೇಕು. ಕಿವಿ ಸರಿಯಾಗಿ ಕೇಳದಿದ್ದರೆ ಮಾತು ಹೇಗೆ ಬರುತ್ತದೆ? ಆಶಾ ಕಾರ್ಯಕರ್ತೆ ಆ ಅಕ್ಕನ ಜೊತೆ ಆಸ್ಪತ್ರೆಗೆ ಹೋದರು. ಡಾಕ್ಟರು ಮಗುವಿನ ಕಿವಿ ನೋಡಿದರು. ಬಾಯಿ, ನಾಲಗೆ ನೋಡಿದರು. "ಎಲ್ಲ ಸರಿ ಇದೆ" ಎಂದರು. ಆಮೇಲೆ ಒಂದು ಮಾತು ಕೇಳಿದರು.

"ದಿನಕ್ಕೆ ಎಷ್ಟು ಹೊತ್ತು ಮಗು ಜೊತೆ ಮಾತಾಡ್ತೀರಿ?"

ಅಕ್ಕ ಸುಮ್ಮನೆ ನಿಂತರು. ಆ ಪ್ರಶ್ನೆಯನ್ನು ಮರುದಿನ ನಮ್ಮ ಕೇಂದ್ರಕ್ಕೆ ತಂದರು.

ಹೊತ್ತು ಎಲ್ಲಿದೆ?

"ಹೊತ್ತೆಲ್ಲಿದೆ ಟೀಚರ್? ಬೆಳಿಗ್ಗೆ ತೋಟಕ್ಕೆ ಹೋದ್ರೆ ಬರೋದು ಸಂಜೆ. ಬಂದ್ಮೇಲೆ ಸೌದೆ, ನೀರು, ಒಲೆ. ಆಟ ಆಡಕ್ಕೆ ಹೊತ್ತು ಬೇಡ್ವಾ?"

ಅಕ್ಕ ಕೇಳಿದ್ದು ಸರಿಯಾಗಿತ್ತು. ಅವತ್ತು ನಾವು ಲೆಕ್ಕದ ಪಾಠ ಮಾಡಿದೆವು. ಸ್ಲೇಟಿನ ಮೇಲೆ ಅಕ್ಕನ ದಿನ ಬರೆದೆವು. ಮಗು ಜೊತೆಗಿರುವ ಹೊತ್ತು ಮಾತ್ರ ಬರೆದೆವು.

ಮಗುವನ್ನು ಎಬ್ಬಿಸಿ ಮುಖ ತೊಳೆಸುವುದು – 10 ನಿಮಿಷ
ತಲೆ ಬಾಚುವುದು – 5 ನಿಮಿಷ
ಅಂಗನವಾಡಿಗೆ ನಡೆಯುವುದು – 15 ನಿಮಿಷ
ಸಂಜೆ ಬಿಸಿನೀರು ಹಾಕುವುದು – 10 ನಿಮಿಷ
ಒಲೆ ಮುಂದೆ ಮಗು ಕೂರುವುದು – 20 ನಿಮಿಷ
ಮಲಗಿಸುವುದು – 10 ನಿಮಿಷ

ಕೂಡಿದೆವು. 70 ನಿಮಿಷ ಬಂತು. ಅಂದರೆ 1 ಗಂಟೆ 10 ನಿಮಿಷ.

"ಅಯ್ಯೋ! ಇಷ್ಟು ಹೊತ್ತು ಅವಳ ಜೊತೇಲೇ ಇರ್ತೀನಾ?"

"ಇರ್ತೀರಿ. ಆಗ ಏನು ಮಾತಾಡ್ತೀರಿ?"

ಅಕ್ಕ ಯೋಚಿಸಿದರು. ಬೆರಳು ಮಡಚಿ ಹೇಳಿದರು. "ಏಳು. ಬಾ. ತಿನ್ನು. ಬೇಗ. ಸುಮ್ನಿರು."

ಐದು ಮಾತು. ಐದೂ ಅಪ್ಪಣೆ. ಒಂದಕ್ಕೂ ಮಗು ಉತ್ತರ ಹೇಳಬೇಕಾಗಿಲ್ಲ.

ಜಗುಲಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ಒಳಗೊಳಗೇ ತಮ್ಮ ಮಾತು ಎಣಿಸುತ್ತಿದ್ದರು. ನಾನೂ ಎಣಿಸಿದೆ. ನನ್ನ ಮನೆಯಲ್ಲೂ ಇಬ್ಬರು ಮಕ್ಕಳಿದ್ದಾರೆ. ಬೆಳಗಿನ ಹೊತ್ತು ನನ್ನ ಬಾಯಲ್ಲೂ ಇದೇ ಐದು ಮಾತು. "ಬೇಗ" ಮಾತ್ರ ಹತ್ತು ಸಲ.

ಹೊತ್ತು ಇತ್ತು. ಮಾತು ಇರಲಿಲ್ಲ. ಆಟಕ್ಕೆ ಬೇರೆ ಹೊತ್ತು ಬೇಕಿಲ್ಲ. ಮಾಡುವ ಕೆಲಸದ ಜೊತೆಗೇ ಆಟ ಸೇರಿಸಿದರೆ ಸಾಕು.

ಮಾತು ಅಂದ್ರೆ ಚೆಂಡಾಟ

ಮಗು ಹುಟ್ಟುವ ಮೊದಲೇ ಅವ್ವನ ದನಿ ಕೇಳುತ್ತದೆ. ಹೊಟ್ಟೆಯಲ್ಲಿ ಇರುವಾಗಲೇ ಅದರ ಕಿವಿ ಕೆಲಸ ಶುರು ಮಾಡುತ್ತದೆ. ಹುಟ್ಟಿದ ಮೇಲೆ ಮೊದಲ ಕೆಲವು ವರ್ಷ ಮಿದುಳು ಬಹಳ ಬೇಗ ಬೆಳೆಯುತ್ತದೆ. ಆಗ ಅದಕ್ಕೆ ಎರಡು ಬಗೆಯ ಊಟ ಬೇಕು. ಒಂದು ಹೊಟ್ಟೆಗೆ. ಇನ್ನೊಂದು ಮಾತು, ಮುದ್ದು, ಆಟ.

ಮಾತು ಚೆಂಡಾಟದ ಹಾಗೆ. ನೀವು ಒಂದು ಮಾತು ಎಸೆಯುತ್ತೀರಿ. ಮಗು ಹಿಡಿಯುತ್ತದೆ. ತಿರುಗಿ ಎಸೆಯುತ್ತದೆ. ಕೂಸು "ಊ" ಎಂದರೆ ಅದೂ ಉತ್ತರವೇ. ನೀವೂ "ಊ, ಹೌದಾ?" ಎನ್ನಿ. ಕೂಸು ನಗುತ್ತದೆ. ಮತ್ತೆ "ಊ" ಎನ್ನುತ್ತದೆ. ಹೀಗೆ ಮಾತು ಬೆಳೆಯುತ್ತದೆ.

ಒಂದು ಮಾತು ನೆನಪಿಡಿ. ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. ಸ್ವಲ್ಪ ಕಾಯಬೇಕು. ಮನಸ್ಸಿನಲ್ಲೇ ಒಂದರಿಂದ ಐದು ಎಣಿಸಿ. ಮಗುವಿಗೆ ಮಾತು ಹುಡುಕಲು ಅಷ್ಟು ಹೊತ್ತು ಬೇಕು.

ಹಾಗಾದರೆ ಮೊಬೈಲ್? ಮೊಬೈಲ್ ಮಾತಾಡುತ್ತದೆ. ಹಾಡುತ್ತದೆ. ಆದರೆ ಮಗು ಹೇಳಿದ್ದನ್ನು ಅದು ಅವ್ವನ ಹಾಗೆ ಕೇಳುವುದಿಲ್ಲ. ಮಗು ನಕ್ಕರೆ ಮೊಬೈಲ್ ತಿರುಗಿ ನಗುವುದಿಲ್ಲ. ಅಲ್ಲಿ ಚೆಂಡು ಒಂದೇ ಕಡೆಯಿಂದ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ಕುರಿತು ಎಲ್ಲ ದೇಶಗಳಿಗೂ ಸಲಹೆ ಕೊಟ್ಟಿತು. ಎರಡು ವರ್ಷ ತುಂಬದ ಮಕ್ಕಳಿಗೆ ಮೊಬೈಲ್, ಟಿ.ವಿ. ಬೇಡ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ. ಅದಕ್ಕಿಂತ ಕಡಿಮೆ ಆದಷ್ಟೂ ಒಳ್ಳೆಯದು.

ನೀರು ಹಾಕುವಾಗ

ಮೊದಲ ಆಟ ಬಚ್ಚಲಲ್ಲಿ ಶುರುವಾಯಿತು. ಇದನ್ನು ನಾವೆಲ್ಲ ಸೇರಿ ಕಟ್ಟಿದೆವು.

ಒಂದು ತಂಬಿಗೆ ಕಾಲಿಗೆ.
ಎರಡು ತಂಬಿಗೆ ತೋಳಿಗೆ.
ಮೂರು ತಂಬಿಗೆ ಬೆನ್ನಿಗೆ.
ನಾಕು ತಂಬಿಗೆ... ಎಲ್ಲಿಗೆ?

ಇಲ್ಲಿ ನಿಲ್ಲಿಸಬೇಕು. ತಂಬಿಗೆ ಮೇಲೆತ್ತಿ ಕಾಯಬೇಕು. ಮಗು ಹೇಳಿದ ಕಡೆಗೇ ನೀರು ಹಾಕಬೇಕು. ತಲೆ ಎಂದರೆ ತಲೆಗೆ. ಹೊಟ್ಟೆ ಎಂದರೆ ಹೊಟ್ಟೆಗೆ.

ಮೊದಲ ಮೂರು ದಿನ ಅಕ್ಕನ ಮಗಳು ಏನೂ ಹೇಳಲಿಲ್ಲ. ಸುಮ್ಮನೆ ನೋಡುತ್ತಿದ್ದಳು. ನಾಲ್ಕನೆಯ ದಿನ ಕೈಯಿಂದ ತಲೆ ಮುಟ್ಟಿ ತೋರಿಸಿದಳು. ಅಕ್ಕ ನೀರು ಹಾಕಿದರು. ಮಗು ಕಿಲಕಿಲ ನಕ್ಕಿತು.

"ಟೀಚರ್, ಅವ್ಳು ಹೇಳಿದ್ಲು! ಬಾಯಲ್ಲಿ ಅಲ್ಲ, ಕೈಯಲ್ಲಿ. ಆದ್ರೂ ಹೇಳಿದ್ಲು!" ಎಂದು ಅಕ್ಕ ಸಂಜೆ ಓಡಿ ಬಂದರು.

ಒಲೆ ಮುಂದೆ

ರೊಟ್ಟಿ ತಟ್ಟುವಾಗ ಮಗುವಿಗೆ ಒಂದು ಚೂರು ಹಿಟ್ಟು ಕೊಡಿ. ಹಾವು ಮಾಡಲಿ. ಇಲಿ ಮಾಡಲಿ. ಅದನ್ನೂ ಕಾವಲಿಯ ಮೇಲೆ ನೀವೇ ಬೇಯಿಸಿ ಕೊಡಿ. "ನನ್ನ ಇಲಿ" ಎಂದು ಮಗು ಖುಷಿಯಿಂದ ತಿನ್ನುತ್ತದೆ.

ಕಡಂಬಿಟ್ಟು ಉಂಡೆ ಕಟ್ಟುವಾಗ ದೊಡ್ಡ ಉಂಡೆ ಅಪ್ಪನಿಗೆ, ಸಣ್ಣ ಉಂಡೆ ಪುಟ್ಟಿಗೆ ಎನ್ನಿ. ದೊಡ್ಡದು, ಸಣ್ಣದು ಎಂಬ ಪಾಠ ಅಲ್ಲೇ ಆಯಿತು. ಬಿಸಿ, ತಣ್ಣಗೆ. ಸಿಹಿ, ಖಾರ. ಒಳಗೆ, ಹೊರಗೆ. ಇವೆಲ್ಲ ಒಲೆ ಮುಂದೆ ಸಿಗುವ ಮಾತುಗಳು. ಕೈ ಕೆಲಸ ಮಾಡುತ್ತಿರಲಿ, ಬಾಯಿ ಮಾತಾಡುತ್ತಿರಲಿ. ಮಗುವನ್ನು ಬೆಂಕಿಯಿಂದ ಮಾತ್ರ ದೂರ ಕೂರಿಸಿ. ಒಂದು ಮಣೆ ಇಟ್ಟು "ಇದು ನಿನ್ನ ಜಾಗ" ಎಂದು ತೋರಿಸಿ.

ದಾರಿಯಲ್ಲಿ

ನಮ್ಮ ಕೊಡಗಿನ ದಾರಿಯೇ ಒಂದು ಚಿತ್ರದ ಪುಸ್ತಕ. ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದೆ. ಬಸವನಹುಳು ಇದೆ. ಮುಟ್ಟಿದರೆ ಮುನಿ ಇದೆ. ಮಗು ಅದನ್ನು ಮುಟ್ಟಲಿ. ಎಲೆ ಮುದುಡುವುದನ್ನು ನೋಡಲಿ. "ಅದು ಮಲಗ್ತಾ? ನಾಚಿಕೊಂಡ್ತಾ?" ಎಂದು ಕೇಳಿ. ತಿರುಗಿ ಬರುವಾಗ ಅದು ಎದ್ದಿದೆಯೋ ಇಲ್ಲವೋ ನೋಡಿ.

ಮಳೆಗಾಲದಲ್ಲಿ ಜಿಗಣೆ ಬಿಡುವುದಿಲ್ಲ. ಮನೆಗೆ ಬಂದ ಮೇಲೆ "ಯಾರ ಕಾಲಲ್ಲಿ ಜಿಗಣೆ?" ಎಂದು ಹುಡುಕುವುದೂ ಒಂದು ಆಟ. ಅವ್ವನ ಕಾಲನ್ನು ಮಗು ನೋಡಲಿ. ಮಗುವಿನ ಕಾಲನ್ನು ಅವ್ವ ನೋಡಲಿ. ಹೆದರಿಕೆಯೂ ಹೋಗುತ್ತದೆ, ಕಾಲೂ ಚೊಕ್ಕಟ ಆಗುತ್ತದೆ.

ಯಾವ ಭಾಷೆಯಲ್ಲಿ ಮಾತಾಡಬೇಕು?

ನಮ್ಮ ಕೇಂದ್ರದಲ್ಲಿ ಒಬ್ಬರು ಯರವ ಅಕ್ಕ ಇದ್ದರು. ಅವರು ಮೆಲ್ಲಗೆ ಕೇಳಿದರು. "ನಮ್ಮ ಭಾಷೆ ಮಾತಾಡಿದ್ರೆ ಶಾಲೇಲಿ ನಗ್ತಾರೆ ಟೀಚರ್. ನಂಗೆ ಕನ್ನಡ ಸರಿ ಬರಲ್ಲ. ನಾನು ಮಗು ಹತ್ರ ಯಾವ ಭಾಷೇಲಿ ಮಾತಾಡ್ಲಿ?"

ಕೊಡಗು ಸಣ್ಣ ಜಿಲ್ಲೆ. ಆದರೆ ಇಲ್ಲಿ ಎಷ್ಟೊಂದು ಭಾಷೆ! ಕೊಡವ ಭಾಷೆ, ಅರೆಭಾಷೆ, ಯರವ, ಕುರುಬರ ಮಾತು, ತುಳು, ಮಲಯಾಳ, ತಮಿಳು, ಕನ್ನಡ. ಒಂದೇ ಸಾಲಿನ ಲೈನ್ ಮನೆಗಳಲ್ಲಿ ಮೂರು ನಾಲ್ಕು ಭಾಷೆ ಇರುತ್ತವೆ.

ಉತ್ತರ ಸುಲಭ. ನಿಮಗೆ ನಗು ಯಾವ ಭಾಷೆಯಲ್ಲಿ ಬರುತ್ತದೋ ಆ ಭಾಷೆಯಲ್ಲಿ ಮಾತಾಡಿ. ಅಳು, ಮುದ್ದು, ಕಥೆ, ಜೋಗುಳ ಎಲ್ಲ ಅದರಲ್ಲೇ ಇರಲಿ. ಒಂದು ಭಾಷೆ ಗಟ್ಟಿಯಾಗಿ ಬಂದ ಮಗು ಇನ್ನೊಂದನ್ನು ಬೇಗ ಕಲಿಯುತ್ತದೆ. ಕನ್ನಡ ಅಂಗನವಾಡಿಯಲ್ಲಿ, ಶಾಲೆಯಲ್ಲಿ ಬರುತ್ತದೆ. ಭಾಷೆಗಳನ್ನು ಸೇರಿಸಿಯೂ ಆಡಬಹುದು. ಕನ್ನಡದಲ್ಲಿ ಮನೆ. ತುಳುವಿನಲ್ಲಿ ಇಲ್ಲ್. ಮಲಯಾಳದಲ್ಲಿ ವೀಡ್. "ಪಕ್ಕದ ಮನೆ ಅಜ್ಜಿ ಏನಂತಾರೆ?" ಎಂದು ಕೇಳಿ ಬರಲು ಮಗುವನ್ನು ಕಳಿಸಿ.

ಓದದವರ ಮಾತಿಗೆ ಬೆಲೆ ಇಲ್ಲ ಎನ್ನಬೇಡಿ. ಕೊಡಗಿನ ಹಾಡುಗಳು ಬಹಳ ಕಾಲ ಪುಸ್ತಕದಲ್ಲಿ ಇರಲಿಲ್ಲ. ಬಾಯಿಂದ ಬಾಯಿಗೆ ಬಂದವು. ಅಜ್ಜಿ ಹಾಡಿದ್ದನ್ನು ಮೊಮ್ಮಗಳು ಕಲಿತಳು. ನಾಡಿಕೇರಿಯಂಡ ಚಿಣ್ಣಪ್ಪ ಎಂಬುವರು ಅವನ್ನು ಕೇಳಿ ಕೇಳಿ ಬರೆದುಕೊಂಡರು. ಅವರು ಪೊಲೀಸ್ ಕೆಲಸದಲ್ಲಿ ಇದ್ದವರು. ಆ ಹಾಡುಗಳ ಪುಸ್ತಕ 1924ರಲ್ಲಿ ಅಚ್ಚಾಯಿತು. ಅದರ ಹೆಸರು 'ಪಟ್ಟೋಲೆ ಪಳಮೆ'. ಭಾಷೆ ಕೊಡವ, ಲಿಪಿ ಕನ್ನಡ. ಹಾಡು ಬಾಯಲ್ಲಿ ಉಳಿದಿತ್ತು, ಅದಕ್ಕೇ ಪುಸ್ತಕಕ್ಕೆ ಬಂತು. ನಿಮ್ಮ ಬಾಯಲ್ಲೂ ಅಂಥ ಹಾಡು, ಕಥೆ ಇವೆ.

ಮಳೆಗೆ ಹೆದರಿದ ಮಗು

ನಮ್ಮಲ್ಲಿ ಇನ್ನೊಬ್ಬರು ಅಕ್ಕ ಇದ್ದರು. ಅವರು ಮಕ್ಕಂದೂರು ಕಡೆಯವರು. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ದೊಡ್ಡ ಮಳೆ ಬಂತಲ್ಲ, ಆಗ ಅಲ್ಲಿ ಬೆಟ್ಟ ಜರಿಯಿತು. ಈ ಅಕ್ಕ ಮಗನನ್ನು ಎತ್ತಿಕೊಂಡು ಮನೆ ಬಿಟ್ಟು ಓಡಿದರು. ಆಗ ಅವನಿಗೆ ನಾಲ್ಕು ವರ್ಷ. ಕೆಲವು ವಾರ ಪರಿಹಾರ ಕೇಂದ್ರದಲ್ಲಿ ಇದ್ದರು. ಆಮೇಲೆ ಕೆಲಸ ಹುಡುಕಿ ಈ ಕಡೆ ಬಂದರು.

ಮುಂದಿನ ವರ್ಷ ಮಳೆ ಶುರುವಾಯಿತು. ಮಾಡಿನ ಮೇಲೆ ಸದ್ದು ಕೇಳಿದ ಕೂಡಲೇ ಮಗ ಮಂಚದ ಕೆಳಗೆ ಹೋಗಿ ಕೂರುತ್ತಿದ್ದ. ಊಟ ಬೇಡ, ನಿದ್ದೆ ಬೇಡ.

"ಮೊದ್ಲು ಬೈದೆ ಟೀಚರ್. ಗಂಡು ಹುಡುಗ ಹೆದರ್ತಾನಾ ಅಂದೆ. ಅವ್ನು ಇನ್ನೂ ಒಳಗೆ ಸರಿದ. ಒಂದಿನ ನಾನೂ ಮಂಚದ ಕೆಳಗೆ ಹೋದೆ. ಅವನ ಪಕ್ಕ ಕೂತೆ. ನಂಗೂ ಹೆದ್ರಿಕೆ ಆಗ್ತದೆ ಕಣೋ ಅಂದೆ. ನಿಜ ಅಲ್ವಾ? ನಂಗೂ ಆಗ್ತಿತ್ತು. ಆಮೇಲೆ ಇಬ್ರೂ ಕಿವಿ ಕೊಟ್ಟು ಕೇಳಿದ್ವಿ. ಇದು ತಗಡಿನ ಮೇಲೆ ಬೀಳೋ ಸದ್ದು. ಇದು ಬಾಳೆ ಎಲೆ. ಇದು ಬಿಂದಿಗೆ. ಬಿಂದಿಗೆ ತುಂಬ್ತಾ ತುಂಬ್ತಾ ಸದ್ದು ಬದಲಾಗ್ತದೆ. ತುಂಬ್ತಾ, ಇಲ್ವಾ? ಅಂತ ಪಂದ್ಯ ಕಟ್ಟಿದ್ವಿ."

ದಿನಾ ಸಂಜೆ ಅದೇ ಆಟ. ಹೊರಗೆ ಒಂದು ಪಾತ್ರೆ ಹೆಚ್ಚು ಇಟ್ಟರು. ಆಮೇಲೆ ಇನ್ನೊಂದು. ಮಗ ಮಂಚದ ಕೆಳಗಿನಿಂದ ಬಾಗಿಲ ಹತ್ತಿರ ಬಂದ. ಬಾಗಿಲಿಂದ ಜಗುಲಿಗೆ ಬಂದ. ಇದಕ್ಕೆ ಒಂದು ಮಳೆಗಾಲ ಪೂರ್ತಿ ಬೇಕಾಯಿತು. ಈಗ ಅವನು ದೊಡ್ಡವನಾಗಿದ್ದಾನೆ. ಮಳೆಯಲ್ಲಿ ಕೊಡೆ ಇಲ್ಲದೆ ಓಡುತ್ತಾನೆ ಎಂದು ಈಗ ಅದಕ್ಕೆ ಬೈಯುತ್ತಾರೆ!

ಹೆದರಿದ ಮಗುವಿಗೆ "ಹೆದರಬೇಡ" ಎಂದರೆ ಸಾಲದು. ಪಕ್ಕದಲ್ಲಿ ಕೂರಬೇಕು. ಆದರೆ ನಿಜವಾದ ಅಪಾಯ ಇದ್ದರೆ ಆಟ ಬೇಡ. ಬರೆ ಬಿರುಕು ಬಿಟ್ಟರೆ, ಬುಗ್ಗೆ ನೀರು ಕೆಂಪಗೆ ಹರಿದರೆ, ಜಾಗ ಬಿಡಿ ಎಂದು ಅಧಿಕಾರಿಗಳು ಹೇಳಿದರೆ ಕೂಡಲೇ ಹೊರಡಬೇಕು.

ಕಕ್ಕಡದ ನಗು

ಕಕ್ಕಡ ತಿಂಗಳ 18ನೆಯ ದಿನ ಬಂತು. ಅದು ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಅವತ್ತು ಕೊಡಗಿನಲ್ಲಿ ಮದ್ದು ಸೊಪ್ಪು ತರುತ್ತಾರೆ. ಸೊಪ್ಪು ಬೇಯಿಸಿದರೆ ನೀರಿಗೆ ನೇರಳೆ ಬಣ್ಣ ಬರುತ್ತದೆ. ಆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ಅದು ಸೊಪ್ಪಿನ ಬಣ್ಣ, ಹೆದರಬೇಕಾಗಿಲ್ಲ. ಸೊಪ್ಪು ತಿನ್ನದ ದಿನ ಹಾಗಾದರೆ ಮಾತ್ರ ಡಾಕ್ಟರಿಗೆ ತೋರಿಸಬೇಕು.

ನಮ್ಮ ಅಕ್ಕನ ಮನೆಯಲ್ಲೂ ಪಾಯಸ ಮಾಡಿದ್ದರು. ಬಣ್ಣ ನೋಡಿ ಮಗಳ ಕಣ್ಣು ಅರಳಿತು. ಎರಡು ಬಟ್ಟಲು ತಿಂದಳು. ಮರುದಿನ ಬೆಳಿಗ್ಗೆ ಹಿತ್ತಲಿಂದ ಓಡಿ ಬಂದಳು.

"ಅವ್ವ! ಕೆಂಪು ಉಚ್ಚೆ!"

ಅವ್ವ, ಅಪ್ಪ, ಪಕ್ಕದ ಮನೆಯವರು ಎಲ್ಲ ನಕ್ಕರು. ಮಗುವೂ ನಕ್ಕಿತು. ಹೊಟ್ಟೆ ಹಿಡಿದು ನಕ್ಕಿತು. ಆಮೇಲೆ ಅಕ್ಕ ಥಟ್ಟನೆ ಸುಮ್ಮನಾದರು. ಮಗಳು ಎರಡು ಮಾತು ಜೋಡಿಸಿ ಹೇಳಿದ್ದು ಅದೇ ಮೊದಲು. ಅವತ್ತು ಕೇಂದ್ರಕ್ಕೆ ಬಂದು ಸ್ಲೇಟಿನ ಮೇಲೆ "ಕೆಂಪು" ಎಂದು ಬರೆದರು. ಯಾರ ಸಹಾಯವೂ ಇಲ್ಲದೆ ಬರೆದರು.

ಹಬ್ಬವೂ ಆಟವೇ

ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೆ ವರ್ಷವಿಡೀ ಆಟ ಇದೆ. ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್. ದೊಡ್ಡವರು ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ. ಮಕ್ಕಳು ಮನೆ ಅಂಗಳದಲ್ಲಿ ಡಬ್ಬಕ್ಕೆ ಚೆಂಡು ಹೊಡೆಯಲಿ. ಹಳೆ ಬಟ್ಟೆ ಸುತ್ತಿದರೆ ಚೆಂಡು ಆಯಿತು. ನವೆಂಬರ್, ಡಿಸೆಂಬರಿನಲ್ಲಿ ಪುತ್ತರಿ. ರಾತ್ರಿ ಹೊತ್ತು ಕದಿರು ತರುತ್ತಾರೆ. 'ಪೊಲಿ' ಎಂದು ಕೂಗುತ್ತಾರೆ. ಪೊಲಿ ಅಂದರೆ ಹೆಚ್ಚಲಿ ಎಂದು. ಮಗುವನ್ನು ಹೆಗಲ ಮೇಲೆ ಕೂರಿಸಿ ಕರೆದುಕೊಂಡು ಹೋಗಿ. ಅದೂ ಕೂಗಲಿ. ಬೇಸಿಗೆಯಲ್ಲಿ ಹೂ ಮಳೆ ಬಂದರೆ ಕಾಫಿ ಗಿಡ ಬೆಳ್ಳಗಾಗುತ್ತದೆ. "ಕಣ್ಣು ಮುಚ್ಚು, ಯಾವ ವಾಸನೆ ಹೇಳು" ಎನ್ನಿ.

ಹದಿನಾಲ್ಕು ಗುಳಿ

ಚೆನ್ನೆಮಣೆ ನಿಮಗೆ ಗೊತ್ತು. ಮಣೆ ಇಲ್ಲದಿದ್ದರೆ ನೆಲದಲ್ಲೇ ಗುಳಿ ತೋಡಿ. ಈ ಕಡೆ 7, ಆ ಕಡೆ 7. ಒಟ್ಟು 14. ಒಂದೊಂದು ಗುಳಿಗೆ 4 ಕಾಫಿ ಬೀಜ ಹಾಕಿ. ಒಟ್ಟು 56 ಬೀಜ ಬೇಕು. ಒಂದು ಗುಳಿಯ ಬೀಜ ತೆಗೆದು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಿ. ಸಣ್ಣ ಮಕ್ಕಳು ಹಾಕುವುದು, ಎಣಿಸುವುದು ಮಾಡಿದರೆ ಸಾಕು. ಐದಾರು ವರ್ಷದವರು ಆಟ ಪೂರ್ತಿ ಕಲಿಯುತ್ತಾರೆ. ಕೂಡುವ ಕಳೆಯುವ ಲೆಕ್ಕ ಬೆರಳಿಗೇ ಬರುತ್ತದೆ.

ಒಂದು ಎಚ್ಚರಿಕೆ. ಮಗುವಿನ ಕೈಗೆ ಕಾಫಿ ಬೀಜ ಕೊಡುವುದು ಆಟಕ್ಕೆ. ಕೂಲಿಗೆ ಅಲ್ಲ. ಹಣ್ಣು ಕೊಯ್ಯಲು ಮಕ್ಕಳನ್ನು ಹಚ್ಚಬಾರದು.

ಅಪ್ಪ, ಅಜ್ಜಿ, ಅಕ್ಕ, ಅಣ್ಣ

ಆಟ ಅವ್ವನದು ಮಾತ್ರ ಅಲ್ಲ. ಅಪ್ಪ ಕಥೆ ಹೇಳಬಹುದು. ಬೆನ್ನ ಮೇಲೆ ಕೂರಿಸಿಕೊಂಡು ಆನೆ ಆಗಬಹುದು. "ಗಂಡಸು ಹಿಂಗೆಲ್ಲ ಮಾಡ್ತಾನಾ?" ಎಂದು ನಮ್ಮ ಅಕ್ಕನ ಗಂಡ ಮೊದಲು ಹಿಂದೆ ಸರಿದರು. ಒಂದು ಸಂಜೆ ಆನೆ ಆದರು. ಆಮೇಲೆ ಮಗು ಬಿಡಲೇ ಇಲ್ಲ. ಆನೆ ಬರುವ ಮೊದಲು ಕುಡಿದು ಬರಬಾರದು ಎಂದು ಅಕ್ಕ ಹೇಳಿದರು. ಗಂಡ ದಿನಾ ಅಲ್ಲ, ಆದರೆ ಬಹಳ ದಿನ ಆ ಮಾತು ನಡೆಸಿದರು.

ಇಷ್ಟು ಜೋಪಾನ

1. ಬೀಜ, ಗುಂಡಿ, ಸಣ್ಣ ಕಲ್ಲು ಮೂರು ವರ್ಷದ ಒಳಗಿನ ಮಕ್ಕಳ ಕೈಗೆ ಬೇಡ. ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ಮಕ್ಕಳು ಆಡುವಾಗಲೂ ಪಕ್ಕದಲ್ಲಿ ಇರಿ.
2. ಗುಲಗಂಜಿ ನೋಡಲು ಚೆಂದ. ಆದರೆ ವಿಷ. ಜಗಿದರೆ ಜೀವಕ್ಕೆ ಅಪಾಯ. ಆಟಕ್ಕೆ ಕೊಡಬೇಡಿ.
3. ಔಷಧಿ ಹೊಡೆದ ಖಾಲಿ ಡಬ್ಬ ಆಟದ ಸಾಮಾನು ಅಲ್ಲ. ತೋಟದಲ್ಲಿ ಔಷಧಿ ಹೊಡೆದು ಬಂದರೆ ಮೊದಲು ಸ್ನಾನ ಮಾಡಿ, ಬಟ್ಟೆ ಬದಲಿಸಿ. ಆಮೇಲೆ ಮಗುವನ್ನು ಎತ್ತಿಕೊಳ್ಳಿ.
4. ಕೆರೆ, ಬಾವಿ, ನೀರು ತುಂಬಿದ ಗುಂಡಿ ಹತ್ತಿರ ಮಗುವನ್ನು ಒಂಟಿಯಾಗಿ ಬಿಡಬೇಡಿ.
5. ಎರಡು ವರ್ಷ ತುಂಬಿದರೂ ಮಗು ಎರಡು ಮಾತು ಜೋಡಿಸದಿದ್ದರೆ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಗೆ ಹೇಳಿ. ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ ಎರಡು ವರ್ಷದ ತನಕ ಕಾಯಬೇಡಿ, ಬೇಗ ಹೇಳಿ. ತಾಯಿ ಕಾರ್ಡಿನಲ್ಲಿ ಯಾವ ವಯಸ್ಸಿಗೆ ಮಗು ಏನು ಮಾಡಬೇಕು ಎಂದು ಚಿತ್ರ ಸಮೇತ ಬರೆದಿದೆ. ಈಗ ಅದನ್ನು ನೀವೇ ಓದಬಹುದು.

ಆಮೇಲೆ ಏನಾಯಿತು?

ಪುತ್ತರಿ ಕಳೆಯಿತು. ಕಾಫಿ ಕೊಯ್ಲು ಜೋರಾಯಿತು. ಅಕ್ಕಂದಿರು ದಣಿದು ಬರುತ್ತಿದ್ದರು. ಕೆಲವರಿಗೆ ಓದುವಾಗಲೇ ತೂಕಡಿಕೆ. ಆ ಅಕ್ಕ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮಗಳು ಈಗಲೂ ಅಂಗನವಾಡಿಯಲ್ಲಿ ಮೊದಲು ಹೋಗಿ ಹಾಡುವವಳಲ್ಲ. ಹೊಸಬರು ಬಂದರೆ ಅವ್ವನ ಹಿಂದೆ ನಿಲ್ಲುತ್ತಾಳೆ. ಅದು ಅವಳ ಸ್ವಭಾವ. ಇರಲಿ. ಆದರೆ ಮಾತಾಡುತ್ತಾಳೆ. ಪಕ್ಕದ ಮಗುವಿಗೆ ತಂಬಿಗೆ ಆಟ ಹೇಳಿಕೊಟ್ಟಿದ್ದಾಳೆ ಎಂದು ಅಂಗನವಾಡಿ ಟೀಚರ್ ಹೇಳಿದರು. "ನಾಕು ತಂಬಿಗೆ ಎಲ್ಲಿಗೆ?" ಎಂದು ಕೇಳಿ, ತಾನೇ ಕಾಯುತ್ತಾಳಂತೆ.

ಒಂದು ಸಂಜೆ ಅಕ್ಕ ಪುಸ್ತಕ ಹಿಡಿದು ಬೆರಳಿಟ್ಟು ಓದುತ್ತಿದ್ದರು. ಮಗಳು ಬಂದು ಸೆರಗು ಎಳೆದಳು. ಅದೇ ಜಗುಲಿ. ಅದೇ ಸೆರಗು.

"ಅವ್ವ, ಆಡೋಣ ಬಾ."

ಅಕ್ಕ ನನ್ನ ಮುಖ ನೋಡಿದರು. ನಾನು ತಲೆ ಆಡಿಸಿದೆ. ಅಕ್ಕ ಮೊಬೈಲ್ ಕೊಡಲಿಲ್ಲ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ಪುಸ್ತಕ ಅವಳ ಮುಂದೆ ಹಿಡಿದರು.

"ಬಾ. ಇಲ್ಲಿ 'ಅ' ಎಲ್ಲಿ ಬಚ್ಚಿಟ್ಟುಕೊಂಡಿದೆ, ಹುಡುಕೋಣ."

ಅವತ್ತು ನಮ್ಮ ಪಾಠಕ್ಕೆ ಒಬ್ಬಳು ಹೆಚ್ಚು ಸೇರಿದಳು.

ಹೊಸ ಮಾತುಗಳು

ಅಪ್ಪಣೆ – ಹೀಗೆ ಮಾಡು ಎಂದು ಹೇಳುವುದು
ಜೋಪಾನ – ಎಚ್ಚರಿಕೆ
ಬರೆ – ಕಡಿದಾದ ಮಣ್ಣಿನ ಗೋಡೆ
ಕದಿರು – ತೆನೆ
ಪೊಲಿ – ಹೆಚ್ಚಲಿ

ಓದಿ, ಉತ್ತರ ಹೇಳಿ

1. ಮಗು ಮಾತಾಡದಿದ್ದರೆ ಮೊದಲು ಏನು ನೋಡಿಸಬೇಕು?
2. ಅಕ್ಕ ಮಗುವಿಗೆ ಹೇಳುತ್ತಿದ್ದ ಐದು ಮಾತು ಯಾವುವು?
3. ಮೊಬೈಲ್ ಮಾತಿಗೂ ಅವ್ವನ ಮಾತಿಗೂ ಏನು ವ್ಯತ್ಯಾಸ?
4. ಮಳೆಗೆ ಹೆದರಿದ ಮಗನಿಗೆ ಅವನ ಅವ್ವ ಏನು ಮಾಡಿದರು?
5. 'ಪಟ್ಟೋಲೆ ಪಳಮೆ' ಯಾವ ವರ್ಷ ಅಚ್ಚಾಯಿತು?

ಬಿಟ್ಟ ಜಾಗ ತುಂಬಿ

1. ಆಟಕ್ಕೆ ಬೇರೆ ______ ಬೇಕಿಲ್ಲ.
2. ಮಾತು ______ ಹಾಗೆ.
3. ಗುಲಗಂಜಿ ನೋಡಲು ಚೆಂದ. ಆದರೆ ______.

ಲೆಕ್ಕ ಮಾಡಿ

14 ಗುಳಿಗೆ 4ರಂತೆ 56 ಬೀಜ. 14 ಗುಳಿಗೆ 5ರಂತೆ ಹಾಕಿದರೆ ಎಷ್ಟು ಬೀಜ ಬೇಕು?

ಒಗಟು ಬಿಡಿಸಿ. ಮಕ್ಕಳಿಗೂ ಹೇಳಿ

1. ಹಸಿರು ಅಂಗಿ ಬಿಟ್ಲು, ಕೆಂಪು ಅಂಗಿ ತೊಟ್ಲು. ಒಳಗೆ ಇಬ್ರು ಅಪ್ಪಿಕೊಂಡು ಮಲಗವ್ರೆ. ಏನದು?
2. ಮಳೆ ಬಂದ್ರೆ ಅರಳ್ತದೆ, ಮನೆಗೆ ಬಂದ್ರೆ ಮುದುಡ್ತದೆ. ಹೂವಲ್ಲ. ಏನದು?
3. ಕೈ ಇಲ್ಲ, ಕಾಲಿಲ್ಲ. ಕರೀದೇ ಬರ್ತದೆ, ಊಟ ಆದ್ಮೇಲೆ ತಾನೇ ಬಿದ್ದು ಹೋಗ್ತದೆ. ಏನದು?

(ಉತ್ತರ: ಕಾಫಿ ಹಣ್ಣು, ಕೊಡೆ, ಜಿಗಣೆ)

ಮನೆಯಲ್ಲಿ ಮಾಡಿ

ನೀವು ನಿಮ್ಮ ಮಗುವಿಗೆ ದಿನಾ ಹೇಳುವ ಐದು ಮಾತು ಬರೆಯಿರಿ. ಅದರಲ್ಲಿ ಒಂದನ್ನು ಪ್ರಶ್ನೆ ಮಾಡಿ. "ಬೇಗ ತಿನ್ನು" ಎನ್ನುವ ಬದಲು "ರೊಟ್ಟಿ ಹೆಂಗಿದೆ?" ಎಂದು ಕೇಳಿ. ಒಂದರಿಂದ ಐದು ಎಣಿಸಿ ಕಾಯಿರಿ. ಮಗು ಏನು ಹೇಳಿತು? ಅದನ್ನು ನಿಮ್ಮ ಪುಸ್ತಕದಲ್ಲಿ ನೀವೇ ಬರೆದಿಡಿ. ಮುಂದಿನ ಪಾಠದ ದಿನ ಎಲ್ಲರಿಗೂ ಓದಿ ಹೇಳಿ.